ಗಿಡ, ಹಕ್ಕಿಗಳ ಮೇಲೆ ಮಮತೆ ಹುಟ್ಟುವುದು ಹೇಗೆ?

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಪರಿಸರ ದಿನದ ಭಾಷಣಕ್ಕೆ ಬಹುಮಾನ ತಂದಳು. ಆದರೆ ಮನೆ ಮುಂದಿನ ಹೊಂಗೆ ಮರವನ್ನು ಒಮ್ಮೆಯೂ ತಲೆಯೆತ್ತಿ ನೋಡಿದವಳಲ್ಲ. ಕೆಲವರು ಕಾಡು, ಹಕ್ಕಿ ಅಂದರೆ ಜೀವ ಬಿಡುತ್ತಾರಲ್ಲ, ಅದು ಹುಟ್ಟುಗುಣವೇ?

ಉತ್ತರ: ಹುಟ್ಟುಗುಣ ಅಂತ ನನಗೆ ಅನ್ನಿಸುವುದಿಲ್ಲ. ಪ್ರೀತಿ ಇದ್ದವರು ಆರೈಕೆ ಮಾಡುತ್ತಾರೆ ಅಂದುಕೊಳ್ಳುತ್ತೇವೆ. ಬಹಳ ಸಲ ಆರೈಕೆ ಮಾಡುತ್ತಾ ಮಾಡುತ್ತಾ ಪ್ರೀತಿ ಬರುತ್ತದೆ.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನೇ ನೋಡಿ. ಹಾಲಕ್ಕಿ ಒಕ್ಕಲಿಗರ ಬಡ ಮನೆ. ಎಳವೆಯಲ್ಲೇ ತಂದೆ ತೀರಿಕೊಂಡರು, ಶಾಲೆಯ ಮೆಟ್ಟಿಲು ಹತ್ತಲಾಗಲಿಲ್ಲ. ತಾಯಿಯ ಜೊತೆ ಅವರು ಸಸಿ ಬೆಳೆಸುವ ನರ್ಸರಿಗೆ ಹೋದದ್ದು ದಿನಗೂಲಿಗಾಗಿ, ಹೊಟ್ಟೆಪಾಡಿಗಾಗಿ. ಮೂರು ದಶಕಕ್ಕೂ ಹೆಚ್ಚು ಕಾಲ ಕೂಲಿಯಾಗಿಯೇ ದುಡಿದ ಮೇಲೆ ಕೆಲಸ ಕಾಯಂ ಆಯಿತು. ಆದರೆ ಆ ಕೆಲಸದ ರೀತಿ ಗಮನಿಸಿ. ಮಳೆಕಾಡಿನ ಎಷ್ಟೋ ಮರಗಳ ಬೀಜ ಒಣಗಿದರೆ ಸತ್ತಂತೆಯೇ. ನಮ್ಮ ಹಲಸಿನ ಬೀಜವೂ ಹಾಗೇ. ಹಣ್ಣು ಮಾಗಿದ ಹೊತ್ತಿಗೇ ಆರಿಸಬೇಕು, ತಡಮಾಡದೆ ಮಣ್ಣಿಗಿಡಬೇಕು. ಹಾಗಾಗಿ ಯಾವ ಮರ ಯಾವಾಗ ಹೂ ಬಿಟ್ಟಿತು, ಯಾವುದರ ಬೀಜ ಗಟ್ಟಿ ಎಂದು ವರ್ಷವಿಡೀ ತಲೆಯೆತ್ತಿ ನೋಡಲೇಬೇಕು. ಬೀಜಕ್ಕೆ ತಕ್ಕ ತಾಯಿಮರವನ್ನು ಕಾಡಿನಲ್ಲಿ ಗುರುತಿಸುವುದರಲ್ಲಿ ಅವರದ್ದು ಎತ್ತಿದ ಕೈ. 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದುಬಂದು ಅವರು ಪದ್ಮಶ್ರೀ ಪಡೆದದ್ದನ್ನು ನೀವೂ ನೋಡಿರಬೇಕು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಸುದ್ದಿ ಕೇಳಿದ ದಿನ ನನಗೆ ಯಾವ ಕೆಲಸವೂ ಓಡಲಿಲ್ಲ.

ಇನ್ನೊಂದು ಬೇಕಾದದ್ದು, ಪಕ್ಕದಲ್ಲಿ ಒಬ್ಬ ಹಿರಿಯ. ಪಕ್ಷಿತಜ್ಞ ಸಲೀಂ ಅಲಿ ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಗುಬ್ಬಿ ಹೊಡೆಯುತ್ತಿದ್ದವರು! 1908ರ ಸುಮಾರಿಗೆ ಹೊಡೆದ ಒಂದರ ಕೊರಳಲ್ಲಿ ಹಳದಿ ಮಚ್ಚೆ ಇತ್ತು. ಇದೇನು ಹಕ್ಕಿ ಎಂದು ಸೋದರಮಾವನನ್ನು ಕೇಳಿದರು. ಮಾವ ಗದರಲಿಲ್ಲ, ಚೀಟಿ ಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿ ಕಾರ್ಯದರ್ಶಿ ಮಿಲ್ಲಾರ್ಡ್ ಆ ಅಳುಕಿನ ಹುಡುಗನಿಗೆ ಸಂಗ್ರಹದಲ್ಲಿದ್ದ ಹಕ್ಕಿಗಳನ್ನೆಲ್ಲ ತೆಗೆದು ತೋರಿಸಿದರು. ಮುಂದಿನದು ನಮಗೆ ಗೊತ್ತೇ ಇದೆ. ಅಮೆರಿಕದ ಕೆಂಟಕಿಯ ಹಾಗೂ ನಾರ್ವೆಯ ಪರಿಸರ ಕಾರ್ಯಕರ್ತರನ್ನು ಮಾತಾಡಿಸಿದ ಸಂಶೋಧಕಿ ಲೂಯಿಸ್ ಚಾವ್ಲಾ ಅವರ ಅಧ್ಯಯನದಲ್ಲೂ ಮತ್ತೆ ಮತ್ತೆ ಬಂದ ಉತ್ತರ ಇವೆರಡೇ: ಬಾಲ್ಯದಲ್ಲಿ ಹೊರಗೆ ಕಳೆದ ಹೊತ್ತು, ಮನೆಯ ಹಿರಿಯರು.

ನಿಮ್ಮ ಮನೆ ಮುಂದೆ ಹೊಂಗೆಯೇ ಇದೆಯಲ್ಲ, ಬೇರೇನು ಬೇಕು! ಮರದಡಿ ಬಿದ್ದ ಒಣ ಕಾಯಿ ಒಂದನ್ನು ಮಗಳ ಕೈಯಲ್ಲೇ ಬಿಡಿಸಿ. ಒಳಗೆ ಚಪ್ಪಟೆಯಾದ ಕಂದು ಬೀಜ, ಸಾಮಾನ್ಯವಾಗಿ ಒಂದೇ. ಹಾಲಿನ ಖಾಲಿ ಪ್ಯಾಕೆಟ್ಟಿಗೆ ತೂತು ಹಾಕಿ, ಮಣ್ಣು ತುಂಬಿ, ಬೀಜವನ್ನು ಅವಳೇ ಊರಲಿ. ಅವಳು ಮರೆತ ದಿನ ನೀವು ಗುಟ್ಟಾಗಿ ನೀರು ಹಾಕಿಬಿಡಬೇಡಿ. ಸಂಜೆ ಅವಳ ಜೊತೆ ಕುಕ್ಕರುಗಾಲಲ್ಲಿ ಕೂತು, ಮಣ್ಣು ಒಣಗಿದೆಯಾ ಎಂದು ಬೆರಳಿಟ್ಟು ನೋಡಲು ಹೇಳಿ.