ಸುಗ್ಗಿ ಹೊತ್ತಿನ ಸೀನಿಗೆ ಮನೆಯಲ್ಲೇ ಏನು ಮಾಡಬಹುದು?

ಪ್ರಶ್ನೆ: ಮಳೆ ನಿಂತರೆ ಸಾಕು, ಬೆಳಗೆದ್ದ ಕೂಡಲೇ ಸಾಲು ಸೀನು, ಮೂಗು ಸೋರುವುದು, ಕಣ್ಣು ತುರಿಕೆ. ರಾಗಿ ಒಕ್ಕಣೆ ಮುಗಿಯುವವರೆಗೂ ಬಿಡುವುದಿಲ್ಲ. ಮನೆಮದ್ದಿನಲ್ಲಿ ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ?
– ಓದುಗರು, ಚಿಂತಾಮಣಿ

ಉತ್ತರ: ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ತುಳಸಿ ಕಷಾಯ, ಅರಿಶಿನದ ಹಾಲು ಗಂಟಲಿಗೆ ಹಿತ, ಕುಡಿಯಿರಿ. ಆದರೆ ಮೂಗಿನೊಳಗೆ ಅಂಟಿದ ಪರಾಗ, ದೂಳನ್ನು ಅವು ತೆಗೆಯಲಾರವು.

ಇಲ್ಲಿ ಮುಖ್ಯವಾದದ್ದು ನೀರು. ಬೋರ್‌ವೆಲ್, ಸಂಪಿನ ನೀರನ್ನು ಹಾಗೇ ಮೂಗಿಗೆ ಬಿಡಲೇಬೇಡಿ. ಅದರಲ್ಲಿರಬಹುದಾದ ಒಂದು ಬಗೆಯ ಅಮೀಬಾ ಹೊಟ್ಟೆಗೆ ಹೋದರೆ ತೊಂದರೆಯಿಲ್ಲ, ಮೂಗಿನಿಂದ ಮಿದುಳಿಗೆ ಏರಿದರೆ ಜೀವಕ್ಕೇ ಅಪಾಯ. ಇದು ಅಪರೂಪ, ಆದರೂ ಎಚ್ಚರ ಬೇಕು. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರನ್ನೂ ಕೊತಕೊತ ಕುದಿ ಬಂದ ಮೇಲೆ 5 ನಿಮಿಷ ಕುದಿಸಿ, ಮುಚ್ಚಿಟ್ಟು ಉಗುರುಬೆಚ್ಚಗಾಗಲು ಬಿಡಿ. ಕಾಲು ಲೀಟರಿಗೆ ಅಯೋಡಿನ್ ಸೇರಿಸದ ಪುಡಿ ಉಪ್ಪು ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ, ಅಂದರೆ ಸುಮಾರು 2.25 ಗ್ರಾಂ, ಜೊತೆಗೆ ಒಂದು ಚಿಟಿಕೆ ಅಡುಗೆ ಸೋಡ.

ಬಚ್ಚಲಲ್ಲಿ ಮುಂದಕ್ಕೆ ಬಾಗಿ, ತಲೆ ಪಕ್ಕಕ್ಕೆ ವಾಲಿಸಿ, ಬಾಯಲ್ಲೇ ಉಸಿರಾಡುತ್ತಾ ನೇತಿ ಲೋಟದಿಂದ (ಮೂಗು ತೊಳೆಯಲು ಬಳಸುವ, ಉದ್ದ ಮೂತಿಯ ಸಣ್ಣ ಪಾತ್ರೆ) ಮೇಲಿನ ಹೊಳ್ಳೆಗೆ ಸುರಿಯಿರಿ. ನೀರು ಕೆಳಗಿನ ಹೊಳ್ಳೆಯಿಂದ ಇಳಿಯುತ್ತದೆ. ಅರ್ಧ ಮುಗಿದ ಮೇಲೆ ಪಕ್ಕ ಬದಲಿಸಿ. ಉರಿ ಎದ್ದರೆ ಅಳತೆ ತಪ್ಪಿದೆ ಎಂದರ್ಥ: ಉಪ್ಪು ಹೆಚ್ಚಾದರೂ ಉರಿ, ಕಡಿಮೆಯಾದರೂ ಉರಿ. ತೊಳೆದ ಮೇಲೆ ಎರಡೂ ಹೊಳ್ಳೆ ಹಿಡಿದು ಜೋರಾಗಿ ಸೀಂಟಬೇಡಿ, ನೀರು ಕಿವಿಯ ಕಡೆ ನುಗ್ಗುತ್ತದೆ. ಮೂಗು ಪೂರ್ತಿ ಕಟ್ಟಿದ್ದಾಗ, ಕಿವಿ ನೋವಿದ್ದಾಗ ಮಾಡಲೇಬಾರದು. ಹೊಲದಿಂದ ಬಂದು ಸ್ನಾನ ಮಾಡುವ ಹೊತ್ತು ಇದಕ್ಕೆ ಸರಿ. ಲೋಟವನ್ನು ಪ್ರತಿಸಲ ತೊಳೆದು ಒಣಗಿಸಿಡಿ.

ಮಳೆ ಕಳೆದ ಮೇಲೆ ಬದುಗಳಲ್ಲಿ ಹೂಬಿಡುವ ಕಾಂಗ್ರೆಸ್ ಗಿಡದ ಪರಾಗ ಅನೇಕರಿಗೆ ಸೀನು ತರುತ್ತದೆ, ಚರ್ಮಕ್ಕೂ ತುರಿಕೆ. ಹೂ ಬರುವ ಮುನ್ನ, ಮಣ್ಣು ಹಸಿಯಿರುವಾಗ ಬೇರುಸಹಿತ ಕೀಳಿಸಿ. ಅಲರ್ಜಿ ಇರುವವರು ತಾವೇ ಕೀಳಬಾರದು. ಸೇವಂತಿಗೆಯೂ ಅದೇ ಕುಟುಂಬದ್ದು. ಕಾಂಗ್ರೆಸ್ ಗಿಡ ಮೈಗೆ ಆಗದವರಲ್ಲಿ ಕೆಲವರಿಗೆ ಸೇವಂತಿಗೆ ಬಿಡಿಸಿದರೂ ಕೈ ತುರಿಸುತ್ತದೆ. ಕಣದಲ್ಲಿ ಟವೆಲ್ ಕಟ್ಟಿಕೊಂಡರೆ ಸಣ್ಣ ದೂಳು ನಿಲ್ಲದು, ಮೂಗಿಗೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು.

ಊರಿನ ಜೇನು ತಿಂದರೆ ಅಲರ್ಜಿ ಹೋಗುತ್ತದೆ ಎನ್ನುವ ಮಾತಿಗೆ ಗಟ್ಟಿ ಆಧಾರವಿಲ್ಲ. ವರ್ಷ ತುಂಬದ ಮಗುವಿಗಂತೂ ಜೇನು ಕೊಡಲೇಬೇಡಿ. ಆವಿಯಿಂದ ಮೂಗು ಸ್ವಲ್ಪ ಹೊತ್ತು ಬಿಡುತ್ತದೆ ಅಷ್ಟೆ. ಮಕ್ಕಳ ಮುಂದೆ ಕುದಿನೀರಿನ ಪಾತ್ರೆ ಇಡುವುದು, ಅದಕ್ಕೆ ಕರ್ಪೂರ ಹಾಕುವುದು ಎರಡೂ ಅಪಾಯ. ಮೂಗು ಬಿಡಿಸುವ ಡ್ರಾಪ್ಸ್ 5 ದಿನ ದಾಟಿಸಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ.

ಉಸಿರಾಡುವಾಗ ಎದೆಯಲ್ಲಿ ಸುಯ್ ಎನ್ನುವ ಸದ್ದು, ರಾತ್ರಿ ಕೆಮ್ಮು, ಏದುಸಿರು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಅದು ಆಸ್ತಮಾ ಇರಬಹುದು, ಮೂಗು ತೊಳೆದರೆ ಇಳಿಯುವಂಥದ್ದಲ್ಲ.