ವಾಹನ ತಿಂದ ವಾಹನ

ಆಷಾಢದ ಮಳೆ ಜೋರಾಗಿದ್ದಾಗ ನಮ್ಮ ಕಾರು ಎರಡು ವಾರ ತೀರ್ಥಹಳ್ಳಿ ಹತ್ತಿರದ ಅಮ್ಮನ ಮನೆಯ ಕೊಟ್ಟಿಗೆಯಲ್ಲಿ ನಿಂತಿತ್ತು. ಮೂರು ವರ್ಷದ ಕಾರು. ಒಂದು ದಿನವೂ ದಾರಿಯಲ್ಲಿ ಕೈಕೊಟ್ಟಿದ್ದಿಲ್ಲ. ಬೆಂಗಳೂರಿಗೆ ವಾಪಸ್ ಹೊರಟು ಗೇಟು ದಾಟಿದ್ದೆನೋ ಇಲ್ಲವೋ, ಮುಂದಿನ ಫಲಕದಲ್ಲಿ ನಾಲ್ಕು ಹಳದಿ ದೀಪ ಒಟ್ಟಿಗೆ ಹತ್ತಿಕೊಂಡವು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್‌ನದು ಒಂದು. ಚಕ್ರ ಜಾರದಂತೆ ತಡೆಯುವ ವ್ಯವಸ್ಥೆಯದು ಇನ್ನೊಂದು. ಏರಿನಲ್ಲಿ ಕಾರು ಹಿಂದಕ್ಕೆ ಉರುಳದಂತೆ ಹಿಡಿಯುವ ಹಿಲ್ ಹೋಲ್ಡ್‌ದು ಮೂರನೆಯದು. ನಾಲ್ಕನೆಯದು ಟೈರ್ ಗಾಳಿಯದು. ಗಾಳಿ ಹಿಂದಿನ ದಿನವಷ್ಟೇ ನೋಡಿದ್ದೆ, ಸರಿಯಾಗೇ ಇತ್ತು. ಎಂಜಿನ್ ಮಾತ್ರ ತನಗೇನೂ ಸಂಬಂಧವೇ ಇಲ್ಲ ಅನ್ನೋ ಹಾಗೆ ಓಡುತ್ತಿತ್ತು.

ನಾಲ್ಕು ದೀಪ ಅಂದ್ರೆ ನಾಲ್ಕು ರಿಪೇರಿ ಅಂತ ಎದೆ ಧಸಕ್ಕೆಂದಿತು. ಹತ್ತಿರದ ಪಟ್ಟಣದ ಒಂದು ವರ್ಕ್‌ಶಾಪ್‌ನಲ್ಲಿ, ಕಾರು ತಾನೇ ಬರೆದಿಟ್ಟುಕೊಂಡ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ ನೋಡಿದರು. ಬಂದಿದ್ದು ಒಂದೇ ಕೋಡ್. ಸಿ0035. ಮುಂದಿನ ಎಡ ಚಕ್ರದ ವೇಗ ಅಳೆಯುವ ಸೆನ್ಸಾರ್‌ನ ಸರ್ಕ್ಯೂಟ್. ಸೆನ್ಸಾರ್ ಬದಲಿಸಿದರು, 4,200 ರೂಪಾಯಿ. ದೀಪ ಆರಲಿಲ್ಲ. "ಹಾಗಾದ್ರೆ ಎಬಿಎಸ್ ಮಾಡ್ಯೂಲೇ ಹೋಗಿದೆ ಸಾರ್, 46,000 ಆಗುತ್ತೆ" ಅಂದರು. ಯೋಚಿಸಿ ಹೇಳ್ತೀನಿ ಅಂತ ಹೇಳಿ ಕಾರು ತಿರುಗಿಸಿಕೊಂಡು ಬಂದೆ.

ಒಂದು ಚಕ್ರದ ಸೆನ್ಸಾರ್‌ಗೆ ನಾಲ್ಕು ದೀಪ ಯಾಕೆ? ಚಕ್ರದ ಜೊತೆ ತಿರುಗುವ ಒಂದು ಉಂಗುರ ಇರುತ್ತದೆ. ಅದರಲ್ಲಿ ಹಲ್ಲುಗಳೋ ಪುಟ್ಟ ಅಯಸ್ಕಾಂತದ ಪಟ್ಟಿಗಳೋ ಇರುತ್ತವೆ. ಅವು ಎದುರಿಗೆ ಹಾದುಹೋದಾಗಲೆಲ್ಲ ಸೆನ್ಸಾರ್ ಒಂದು ಮಿಡಿತ ಕಳಿಸುತ್ತದೆ. ಎಬಿಎಸ್ ಪೆಟ್ಟಿಗೆ, ಅಂದರೆ ಅವರು ಮಾಡ್ಯೂಲ್ ಅಂದಿದ್ದು, ಆ ಮಿಡಿತ ಎಣಿಸುತ್ತಾ ಕೂತಿರುತ್ತದೆ. ಬ್ರೇಕ್ ಒತ್ತಿದಾಗ ಒಂದು ಚಕ್ರದ ಮಿಡಿತ ಮಾತ್ರ ದಿಢೀರ್ ಕಡಿಮೆಯಾದರೆ, ಆ ಚಕ್ರ ಲಾಕ್ ಆಗುತ್ತಿದೆ ಎಂದರ್ಥ. ತಕ್ಷಣ ಆ ಚಕ್ರದ ಬ್ರೇಕನ್ನು ಬಿಟ್ಟು ಹಿಡಿದು ಮಾಡುತ್ತದೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ.

ಇದೇ ಎಣಿಕೆಯನ್ನು ಬೇರೆಯವರೂ ಬಳಸಿಕೊಳ್ಳುತ್ತಾರೆ. ಎಂಜಿನ್ ಎಳೆಯುವಾಗ ಒಂದು ಚಕ್ರ ಜಾಸ್ತಿ ತಿರುಗಿದರೆ ಕೆಸರಲ್ಲಿ ಜಾರುತ್ತಿದೆ ಎಂದು ತಿಳಿಯುತ್ತದೆ. ಏರಿನಲ್ಲಿ ನಿಂತಿದ್ದೇವೋ ಉರುಳುತ್ತಿದ್ದೇವೋ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ನನಗೆ ಅತಿ ಖುಷಿ ಕೊಟ್ಟಿದ್ದು ಟೈರ್ ಗಾಳಿಯ ಉಪಾಯ. ಗಾಳಿ ಇಳಿದ ಟೈರು ಒಂಚೂರು ಚಪ್ಪಟೆಯಾಗುತ್ತದೆ, ಅಂದರೆ ನೆಲದ ಮೇಲೆ ಚಿಕ್ಕ ಚಕ್ರದ ಹಾಗೆ ಉರುಳುತ್ತದೆ. ಅಷ್ಟೇ ದೂರಕ್ಕೆ ಉಳಿದ ಮೂರಕ್ಕಿಂತ ಜಾಸ್ತಿ ಸುತ್ತು ಹಾಕಬೇಕಾಗುತ್ತದೆ. ಎಷ್ಟೋ ಕಾರುಗಳಲ್ಲಿ ಟೈರಿನೊಳಗೆ ಯಾವ ಸೆನ್ಸಾರೂ ಇರುವುದಿಲ್ಲ. ಸುಮ್ನೆ ಸುತ್ತು ಎಣಿಸಿಯೇ "ಗಾಳಿ ನೋಡ್ಕೋ" ಅನ್ನುತ್ತವೆ. ಎಣಿಕೆ ನಿಂತರೆ ನಾಲ್ವರೂ ಕಣ್ಣು ಕಳೆದುಕೊಂಡ ಹಾಗೆ. ನಾಲ್ವರೂ ದೀಪ ಹಚ್ಚುತ್ತಾರೆ.

ಹೀಗೆ ಒಬ್ಬರ ಲೆಕ್ಕ ಎಲ್ಲರಿಗೂ ಸಿಗುವ ಹಾಗೆ ಮಾಡಿದ್ದು ಒಂದು ಜೋಡಿ ವೈರು. ಮೊದಲೆಲ್ಲ ಒಂದು ಸುದ್ದಿಗೆ ಒಂದು ವೈರು. ಸುದ್ದಿ ಹೆಚ್ಚಿದಂತೆ ಕಾರಿನ ವೈರಿಂಗ್ ದಪ್ಪ ಹಗ್ಗವಾಗುತ್ತಾ ಹೋಯಿತು. 1986ರಲ್ಲಿ ಜರ್ಮನಿಯ ಬಾಷ್ ಕಂಪನಿ, ಬೆಂಗಳೂರಿನವರು ಇವತ್ತಿಗೂ ಮೈಕೋ ಎಂದೇ ಕರೆಯುವ ಕಾರ್ಖಾನೆಯ ತವರುಮನೆ, ಕ್ಯಾನ್ ಬಸ್ ಎಂಬ ಪದ್ಧತಿಯನ್ನು ಜಗತ್ತಿಗೆ ತೋರಿಸಿತು. ಒಂದಕ್ಕೊಂದು ಹೆಣೆದುಕೊಂಡ ಎರಡೇ ವೈರು. ಕಾರಿನ ಎಲ್ಲ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೂ ಅದಕ್ಕೇ ಜೋತುಬಿದ್ದಿರುತ್ತವೆ.

ಅದು ಕೆಲಸ ಮಾಡುವ ರೀತಿ ಊರಿನ ಅರಳಿಕಟ್ಟೆಯ ಹಾಗೆ. ಯಾರೂ ಯಾರ ಹೆಸರೂ ಹಿಡಿದು ಕರೆಯುವುದಿಲ್ಲ. "ಎಡ ಚಕ್ರ ಇಷ್ಟು ವೇಗ" ಅಂತ ಒಬ್ಬ ಕೂಗುತ್ತಾನೆ, ಬೇಕಾದವರು ಕೇಳಿಸಿಕೊಳ್ಳುತ್ತಾರೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ? ಪ್ರತಿ ಸುದ್ದಿಗೂ ಒಂದು ಸಂಖ್ಯೆ ಇದೆ. ಸಂಖ್ಯೆ ಚಿಕ್ಕದಾದಷ್ಟೂ ಸುದ್ದಿ ಮುಖ್ಯವಾದದ್ದು. ಆ ಸಂಖ್ಯೆ ಸೊನ್ನೆ, ಒಂದುಗಳ ಸಾಲಾಗಿ ವೈರಿಗೆ ಬರುತ್ತದೆ. ಸೊನ್ನೆ ಮತ್ತು ಒಂದು ಒಟ್ಟಿಗೆ ವೈರಿಗೆ ಬಂದರೆ ಸೊನ್ನೆ ಗೆಲ್ಲುವಂತೆ ಸರ್ಕ್ಯೂಟನ್ನು ಕಟ್ಟಿದ್ದಾರೆ. ತಾನು ಒಂದು ಅಂದೆ, ವೈರಿನಲ್ಲಿ ಸೊನ್ನೆ ಕೇಳಿಸಿತು ಎಂದಾದರೆ ಹಿರಿಯರು ಮಾತಾಡುತ್ತಿದ್ದಾರೆ ಎಂದು ತಿಳಿದು ಚಿಕ್ಕವನು ಸುಮ್ಮನಾಗುತ್ತಾನೆ. ಹಿರಿಯರ ಮಾತು ಒಂದಕ್ಷರವೂ ಕೆಡುವುದಿಲ್ಲ, ಮತ್ತೆ ಮೊದಲಿಂದ ಹೇಳಬೇಕಾಗಿಯೂ ಇಲ್ಲ. ನಮ್ಮ ಟಿವಿ ಚರ್ಚೆಗಳಿಗೆ ಈ ಪದ್ಧತಿ ಯಾವಾಗ ಬರುತ್ತೋ.

ಎರಡು ವೈರು ಯಾಕೆ ಹೆಣೆದಿರಬೇಕು ಎಂಬುದೂ ಚೆಂದದ ಸಂಗತಿ. ಮಾತಿಲ್ಲದಾಗ ಎರಡರಲ್ಲೂ 2.5 ವೋಲ್ಟ್. ಸೊನ್ನೆ ಹೇಳಬೇಕಾದಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಕೇಳುವವರು ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಪಕ್ಕದಲ್ಲೇ ಸ್ಪಾರ್ಕ್ ಪ್ಲಗ್ ಸಾವಿರಾರು ವೋಲ್ಟ್ ಕಿಡಿ ಹಾರಿಸುತ್ತಿರುತ್ತದೆ. ಅದರ ಗದ್ದಲ ಹೆಣೆದುಕೊಂಡ ಎರಡು ವೈರಿಗೂ ಒಂದೇ ಸಮನಾಗಿ ತಗಲುವುದರಿಂದ ವ್ಯತ್ಯಾಸ ಹಾಗೇ ಉಳಿಯುತ್ತದೆ.

ಹೊಸ ಕಾರಲ್ಲಿ ಎಲೆಕ್ಟ್ರಾನಿಕ್ಸ್ ಜಾಸ್ತಿ, ಅದಕ್ಕೇ ಕೆಡೋದೂ ಜಾಸ್ತಿ ಅನ್ನೋ ಮಾತನ್ನು ಪ್ರತಿ ಮದುವೆಮನೆಯಲ್ಲೂ ಕೇಳುತ್ತೇನೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅಪ್ಪನ ಹಳೇ ಕಾರಿಗೆ ಚಳಿಗಾಲದಲ್ಲಿ ಚೋಕ್ ಎಳೆಯಬೇಕಿತ್ತು. ಆಗಾಗ ಪಾಯಿಂಟನ್ನು ಉಪ್ಪುಕಾಗದದಲ್ಲಿ ಉಜ್ಜಬೇಕಿತ್ತು, ಕಾರ್ಬುರೇಟರ್ ಬಿಚ್ಚಿ ಊದಬೇಕಿತ್ತು. ಇವತ್ತು ಅವೆಲ್ಲ ಇಲ್ಲವೇ ಇಲ್ಲ. ಸವೆಯುವ ಭಾಗಗಳ ಕೆಲಸವನ್ನು ಸವೆಯದ ಚಿಪ್ ಮಾಡುತ್ತಿದೆ. ಲೋಹದ ಪೆಟ್ಟಿಗೆಯೊಳಗೆ ಬೆಚ್ಚಗೆ ಕೂತ ಆ ಚಿಪ್ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಕೆಡುವುದು ಅದರಿಂದ ಹೊರಗೆ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ. ವೈರಿಗೆ ವೈರು ಜೋಡಿಸುವ ಕಪ್ಲರ್, ಅರ್ತ್, ವೈರು, ಬ್ಯಾಟರಿ ಟರ್ಮಿನಲ್. ಅಂದರೆ ಮೆಕ್ಯಾನಿಕ್‌ಗಳು ಅತಿ ಕಡಿಮೆ ಹೊತ್ತು ನೋಡುವ ಜಾಗಗಳು.

ಕಪ್ಲರ್ ಒಳಗಿನ ಪಿನ್ನುಗಳಿಗೆ ಸಾಮಾನ್ಯವಾಗಿ ತವರದ ಲೇಪ ಇರುತ್ತದೆ. ಗಾಡಿ ಅದುರಿದಂತೆ ಪಿನ್ನುಗಳು ಕೂದಲೆಳೆಗಿಂತ ಕಮ್ಮಿ ದೂರ ಹಿಂದೆ ಮುಂದೆ ಸರಿಯುತ್ತಲೇ ಇರುತ್ತವೆ. ಪ್ರತಿ ಸಲ ಒಂಚೂರು ತವರ ಕೆರೆದು ಗಾಳಿಗೆ ಸಿಕ್ಕಿ ಕಪ್ಪು ಪುಡಿಯಾಗುತ್ತದೆ. ಆ ಪುಡಿಯಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ನಮ್ಮ ಹಳ್ಳಿ ರಸ್ತೆಗಳಲ್ಲಿ ಇದು ಎಷ್ಟು ಚೆನ್ನಾಗಿ ನಡೆಯುತ್ತದೆ ಎಂದು ಹೇಳಬೇಕಾಗಿಲ್ಲ. ದೀಪ ಒಂದು ದಿನ ಹತ್ತುವುದು, ಮರುದಿನ ತಾನಾಗೇ ಆರುವುದು, ಗ್ಯಾರೇಜಿಗೆ ಒಯ್ದಾಗ ಏನೂ ಇಲ್ಲದಿರುವುದು, ಇದೆಲ್ಲ ಬಹಳ ಸಲ ಈ ಪುಡಿಯ ಆಟ. ಕಪ್ಲರ್ ಬಿಚ್ಚಿ ಮತ್ತೆ ಹಾಕಿದರೆ ಸರಿಹೋಗುತ್ತದೆ, ಯಾಕೆಂದರೆ ಹಾಕುವಾಗ ಪಿನ್ನು ತನ್ನನ್ನು ತಾನೇ ಉಜ್ಜಿಕೊಳ್ಳುತ್ತದೆ.

ಏರ್‌ಬ್ಯಾಗ್ ದೀಪ ಹತ್ತಿದರೆ ಗಾಬರಿಯಾಗುವ ಮೊದಲು ಮುಂದಿನ ಸೀಟಿನ ಕೆಳಗೆ ಬಗ್ಗಿ ನೋಡಿ. ಅಲ್ಲಿ ಹಳದಿ ಕಪ್ಲರ್ ಇರುವ ಕಾರುಗಳಿವೆ. ಛತ್ರಿ, ಮಗುವಿನ ಚಪ್ಪಲಿ, ನೀರಿನ ಬಾಟಲಿ ತುರುಕಿ ಅದು ಸಡಿಲವಾಗಿರುವುದುಂಟು. ನೋಡಿ ಅಂದೆ ಅಷ್ಟೇ, ಕೈ ಹಾಕಬೇಡಿ. ಏರ್‌ಬ್ಯಾಗಿನ ವೈರನ್ನು ಬ್ಯಾಟರಿ ಕಳಚದೆ ಮುಟ್ಟುವುದು ಗೊತ್ತಿರುವವರೂ ಮಾಡದ ಕೆಲಸ.

ಬ್ಯಾಟರಿಯ ಕಥೆ ಇನ್ನೂ ಮಜಾ. ಕೀ ತೆಗೆದು ಬೀಗ ಹಾಕಿದ ಮೇಲೂ ಕಾರು ಪೂರ್ತಿ ಮಲಗುವುದಿಲ್ಲ. ರಿಮೋಟ್ ಕೀಗೆ ಕಿವಿಗೊಡುತ್ತಾ, ಗಡಿಯಾರ ನಡೆಸುತ್ತಾ 30 ಮಿಲಿ ಆಂಪಿಯರ್‌ನಷ್ಟು ಹೀರುತ್ತಿರುತ್ತದೆ ಎಂದಿಟ್ಟುಕೊಳ್ಳಿ. ಎರಡು ವಾರಕ್ಕೆ ಲೆಕ್ಕ ಹಾಕಿದರೆ ಸುಮಾರು 10 ಆಂಪಿಯರ್ ಅವರ್. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿಯೇ ಹೋಯಿತು. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಬಂತೆಂದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಅಂಥ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆದಾಗ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಎಳೆದು ವೋಲ್ಟೇಜ್ ಕುಸಿಯುತ್ತದೆ. ಕೆಲವು ಪೆಟ್ಟಿಗೆಗಳಿಗೆ ಕ್ಷಣಕಾಲ ಮೂರ್ಛೆ. ಎಚ್ಚರಾದಾಗ ಅಕ್ಕಪಕ್ಕದವರ ಸದ್ದಿಲ್ಲ ಎಂದು ಒಬ್ಬೊಬ್ಬರೂ ದೂರು ಬರೆದುಕೊಳ್ಳುತ್ತಾರೆ. ಯು ಅಕ್ಷರದಿಂದ ಶುರುವಾಗುವ ಕೋಡ್‌ಗಳ ಗುಂಪು ಒಟ್ಟಿಗೆ ಬಂದರೆ ಮೊದಲ ಕೆಲಸ ಬ್ಯಾಟರಿ ಮತ್ತು ಟರ್ಮಿನಲ್ ನೋಡುವುದು.

ಈ ಕೋಡ್‌ಗಳನ್ನು ನಾವು ಓದುವ ರೀತಿಯಲ್ಲೇ ಎಡವಟ್ಟಿದೆ. ಕೋಡ್ ಅನ್ನುವುದು ಸಾಕ್ಷಿಯ ಹೇಳಿಕೆ, ತೀರ್ಪಲ್ಲ. ಪಿ0171 ಎಂಬ ಕೋಡ್ ತೆಗೆದುಕೊಳ್ಳಿ. ಪೆಟ್ರೋಲ್ ಪೂರ್ತಿ ಉರಿಯಲು 1 ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ ಬೇಕು. ಆ ಲೆಕ್ಕ ಸರಿಯಿದೆಯೇ ಎಂದು ನೋಡಲು ಸೈಲೆನ್ಸರ್ ಕೊಳವೆಯಲ್ಲಿ ಆಮ್ಲಜನಕದ ಸೆನ್ಸಾರ್ ಕೂತಿದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿದೆ, ಇಂಧನ ಕಮ್ಮಿ ಎಂದು ಅದು ಸತತವಾಗಿ ಹೇಳಿದಾಗ ಈ ಕೋಡ್ ಬರುತ್ತದೆ. ಅದು ನಿಜವನ್ನೇ ಹೇಳುತ್ತಿರಬಹುದು! ಎಲ್ಲೋ ಒಂದು ರಬ್ಬರ್ ಪೈಪ್ ಸೀಳಿ ಕಳ್ಳಗಾಳಿ ನುಗ್ಗುತ್ತಿರಬಹುದು, ಪೆಟ್ರೋಲ್ ಪಂಪ್ ಸೋತಿರಬಹುದು. ಆದರೆ ಅವಸರದ ಗ್ಯಾರೇಜಿನಲ್ಲಿ ಮೊದಲು ಬದಲಾಗುವುದು ಆಮ್ಲಜನಕದ ಸೆನ್ಸಾರ್. ಕಳ್ಳನನ್ನು ಬಿಟ್ಟು ಸಾಕ್ಷಿ ಹೇಳಿದವನನ್ನು ಒಳಗೆ ಹಾಕಿದ ಹಾಗೆ.

ಸಾಕ್ಷಿಯೇ ಸುಳ್ಳು ಹೇಳಿದರೆ ಅಪಾಯ ಎಂಬ ಕಡೆ ಎಂಜಿನಿಯರುಗಳು ಇಬ್ಬರನ್ನು ನಿಲ್ಲಿಸಿದ್ದಾರೆ. ಇವತ್ತಿನ ಎಕ್ಸಲರೇಟರ್ ಪೆಡಲಿನಿಂದ ಎಂಜಿನ್ನಿಗೆ ಕೇಬಲ್ ಇಲ್ಲ, ವೈರು ಮಾತ್ರ. ಪೆಡಲ್ ಎಷ್ಟು ಒತ್ತಿದೆ ಎಂದು ಎರಡು ಸೆನ್ಸಾರುಗಳು ಬೇರೆ ಬೇರೆಯಾಗಿ ಅಳೆಯುತ್ತವೆ. ಬೇಕೆಂದೇ ಎರಡೂ ಒಂದೇ ಅಂಕಿ ಹೇಳದಂತೆ ಮಾಡಿರುತ್ತಾರೆ. ಬಹಳ ಕಾರುಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧ. ಎರಡು ವೈರು ಒಂದಕ್ಕೊಂದು ತಗಲಿದರೆ ಎರಡೂ ಸಮವಾಗಿ, ಲೆಕ್ಕ ತಪ್ಪಿ ಸಿಕ್ಕಿಬೀಳುತ್ತದೆ. ತಾಳೆಯಾಗಲಿಲ್ಲ ಎಂದರೆ ಎಂಜಿನ್ ತನ್ನ ಶಕ್ತಿ ಇಳಿಸಿಕೊಂಡು ಕುಂಟುತ್ತಾ ಮನೆ ಮುಟ್ಟಿಸುತ್ತದೆ.

ಇದನ್ನೂ ಜನ ನಂಬದ ಕಾಲವೊಂದಿತ್ತು. ಅಮೆರಿಕದಲ್ಲಿ ಟೊಯೋಟಾ ಕಾರುಗಳು ತಾವಾಗೇ ಓಡುತ್ತವೆ ಎಂಬ ದೂರು ದೊಡ್ಡದಾದಾಗ ಅಲ್ಲಿನ ಸರ್ಕಾರ ನಾಸಾ ಎಂಜಿನಿಯರುಗಳನ್ನೇ ಕರೆಸಿತು. 2011ರ ಫೆಬ್ರವರಿಯಲ್ಲಿ ಬಂದ ವರದಿಯ ಪ್ರಕಾರ, ಅಂಥ ಅತಿವೇಗಕ್ಕೆ ಎಲೆಕ್ಟ್ರಾನಿಕ್ ಕಾರಣ ಅವರಿಗೆ ಸಿಗಲಿಲ್ಲ. ಕಂಡಿದ್ದು ಅಂಟಿಕೊಳ್ಳುವ ಪೆಡಲು, ಪೆಡಲಿಗೆ ಸಿಕ್ಕಿಕೊಳ್ಳುವ ಕಾಲುಮ್ಯಾಟು. ಆದರೆ ಹುಡುಕುವಾಗ ಒಂದು ಹಳೆಯ ಪೆಡಲ್ ಸೆನ್ಸಾರಿನೊಳಗೆ ತವರಕ್ಕೆ ಮೀಸೆ ಬೆಳೆದಿದ್ದು ಸಿಕ್ಕಿತು. ತಮಾಷೆಯಲ್ಲ. ಶುದ್ಧ ತವರದ ಲೇಪದಿಂದ ಕೂದಲಿಗಿಂತ ತೆಳ್ಳನೆಯ ಲೋಹದ ಎಳೆಗಳು ತಾವಾಗೇ ಬೆಳೆಯುತ್ತವೆ, ಪಕ್ಕದ ತಂತಿಗೆ ಮುಟ್ಟಿ ಶಾರ್ಟ್ ಮಾಡುತ್ತವೆ. ಸಿಲಿಕಾನ್ ಚಿಪ್ ಗಟ್ಟಿಯಾಗೇ ಇರುತ್ತದೆ, ಕೈಕೊಡುವುದು ಮತ್ತದೇ ಜೋಡಣೆ.

ನನ್ನ ಕಾರಿಗೆ ಬರುತ್ತೇನೆ. ಅಣ್ಣನಿಗೆ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿದ್ದರು. ಸ್ಕ್ಯಾನರ್ ಅವರ ಹತ್ತಿರ ಇರಲಿಲ್ಲ. ಕೋಡ್ ಏನು ಬಂದಿತ್ತು ಎಂದಷ್ಟೇ ಕೇಳಿದರು. "ಸೆನ್ಸಾರ್ ಹೊಸದು ಹಾಕಿದಾರೆ, ಮಾಡ್ಯೂಲ್ ಹೋಗಿದೆ ಅಂತಾರೆ. ಮಧ್ಯದ ವೈರ್ ಯಾರು ನೋಡಿದ್ರು ಸಾರ್?" ಯಾರೂ ನೋಡಿರಲಿಲ್ಲ. ಎರಡೂ ಕಡೆಯ ಕಪ್ಲರ್ ಬಿಚ್ಚಿ ಮಲ್ಟಿಮೀಟರಿನ ಕಡ್ಡಿಗಳನ್ನು ಈ ತುದಿಗೊಂದು ಆ ತುದಿಗೊಂದು ಇಟ್ಟರು. ಬೀಪ್ ಸದ್ದು ಬರಲಿಲ್ಲ, ಅಂದರೆ ವೈರು ಮಧ್ಯದಲ್ಲೆಲ್ಲೋ ತುಂಡಾಗಿದೆ. ಟಾರ್ಚ್ ಬಿಟ್ಟು ಬ್ಯಾಟರಿಯ ಕೆಳಗೆ ಕೈ ಹಾಕಿದರು. ಕೈಯಲ್ಲಿ ಬಂದಿದ್ದು ಅಡಿಕೆ ಸಿಪ್ಪೆ, ಗೋಣಿಚೀಲದ ನಾರು, ಮತ್ತೆ ತುದಿ ಕಚ್ಚಿದ ಎರಡು ವೈರು.

ಇಲಿಯ ಮುಂದಿನ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಕಡಿದು ಸವೆಸದೆ ಅದಕ್ಕೆ ಬೇರೆ ದಾರಿಯಿಲ್ಲ. ಮಳೆಗಾಲದಲ್ಲಿ ಒಣಗಿದ, ಮೇಲೆ ಮುಚ್ಚಿಗೆ ಇರುವ ಮನೆ ಬೇರೆ ಬೇಕು. ಎರಡೂ ಒಂದೇ ಕಡೆ ಸಿಕ್ಕಿತ್ತು.

ವೈರು ಬೆಸೆದು, ಟೇಪು ಸುತ್ತಿ, ಪೈಪಿನೊಳಗೆ ಹಾಕಿದರು. 350 ರೂಪಾಯಿ. ಕಾರು ಚಾಲೂ ಮಾಡಿದಾಗ ದೀಪಗಳು ಹಾಗೇ ಉರಿಯುತ್ತಿದ್ದವು. ನನ್ನ ಮುಖ ನೋಡಿ "ಸ್ವಲ್ಪ ಓಡಿಸಿ ಸಾರ್, ಚಕ್ರ ತಿರುಗಿದ್ದು ಕಾಣಬೇಕಲ್ಲ ಅದಕ್ಕೆ" ಅಂದರು. ಬಸ್‌ಸ್ಟ್ಯಾಂಡ್ ತಿರುವು ದಾಟಿ ಒಂದಷ್ಟು ವೇಗ ಹಿಡಿದ ಮೇಲೆ ಎಬಿಎಸ್ ದೀಪ ಆರಿತು. ಹಿಂದೆಯೇ ಉಳಿದವೂ ಆರಿದವು.

ಆ ಸಂಜೆ ಅಮ್ಮನಿಗೆ ಸುದ್ದಿ ಹೇಳಿ, ಬಾನೆಟ್ ಒಳಗೆ ಬಟ್ಟೆಯಲ್ಲಿ ಕಟ್ಟಿ ನುಸಿಗುಳಿಗೆ ಇಟ್ಟೆ. ಇಲಿ ಬೋನು ತರ್ತೀನಿ ಅಂದೆ. "ಚೌತಿ ಮುಗಿಯೋ ತನಕ ಅದರ ತಂಟೆಗೆ ಹೋಗಬೇಡ ಮಾರಾಯ" ಅಂದಳು. ಬೆಳಿಗ್ಗೆ ಹೊರಡುವ ಮುಂಚೆ ಬಾನೆಟ್ ಎತ್ತಿ ನೋಡಿದೆ. ಗುಳಿಗೆಯ ಗಂಟು ಹಾಗೇ ಇತ್ತು. ಬಟ್ಟೆಯ ಒಂದು ಮೂಲೆ ಮಾತ್ರ ಇರಲಿಲ್ಲ.