ಕಡ್ಡಿ ಗೀರಿದವನಿಗೆ ಎಷ್ಟು ವರ್ಷ?

2009ರ ಫೆಬ್ರವರಿ 7, ಶನಿವಾರ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ. ಮೆಲ್ಬರ್ನ್‌ನಲ್ಲಿ ಅವತ್ತು ಉಷ್ಣಾಂಶ 46.4 ಡಿಗ್ರಿ ಮುಟ್ಟಿತು. ಉತ್ತರದ ಒಣನೆಲದ ಕಡೆಯಿಂದ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ ಬಿಸಿಗಾಳಿ ಬೀಸುತ್ತಿತ್ತು. ಮಧ್ಯಾಹ್ನ ಸುಮಾರು ಒಂದೂವರೆಗೆ ಚರ್ಚಿಲ್ ಎಂಬ ಸಣ್ಣ ಊರಿನ ಹೊರಗೆ, ತೋಪಿನ ಪಕ್ಕದ ರಸ್ತೆಯಂಚಿನಲ್ಲಿ ಬೆಂಕಿ ಹೊತ್ತಿಕೊಂಡಿತು. ಒಂದು ಕಡೆ ಅಲ್ಲ, ಎರಡು ಕಡೆ.

ಅಲ್ಲೇ ಹತ್ತಿರದಲ್ಲಿ ಒಂದು ಕಾರು ಕೆಟ್ಟು ನಿಂತಿತ್ತು. ಕಾರಿನವನು ಆ ಭಾಗದವನೇ. ಹಿಂದೊಮ್ಮೆ ಬೆಂಕಿ ಆರಿಸುವ ದಳದಲ್ಲಿ ಸ್ವಯಂಸೇವಕನಾಗಿದ್ದವನು. ಆ ಮಧ್ಯಾಹ್ನ ಅವನು ತನ್ನ ಮನೆಯ ಮಾಡಿನ ಮೇಲೆ ಹತ್ತಿ ಕೂತು, ಎದುರಿನ ಗುಡ್ಡ ಉರಿಯುವುದನ್ನು ನೋಡುತ್ತಿದ್ದ ಎಂದು ಆಮೇಲೆ ಕೋರ್ಟಿನಲ್ಲಿ ಸಾಕ್ಷಿ ಹೇಳಿದರು.

ಮೂರು ವರ್ಷದ ನಂತರ, 2012ರಲ್ಲಿ, ಜ್ಯೂರಿ ಅವನನ್ನು ತಪ್ಪಿತಸ್ಥ ಎಂದಿತು. ಬೆಂಕಿ ಹಚ್ಚಿ 10 ಜನರ ಸಾವಿಗೆ ಕಾರಣನಾದ ಅಪರಾಧ. ಶಿಕ್ಷೆ 17 ವರ್ಷ 9 ತಿಂಗಳು. 14 ವರ್ಷ ಕಳೆದ ಮೇಲೆ ಪೆರೋಲ್ ಕೇಳಬಹುದು. ಒಂದು ಜೀವಕ್ಕೆ ಎರಡು ವರ್ಷವೂ ಬೀಳಲಿಲ್ಲ ಎಂದು ಯಾರಾದರೂ ಲೆಕ್ಕ ಹಾಕಿದರೆ ಅವರನ್ನು ತಪ್ಪು ಅನ್ನಲು ನನಗೆ ಮನಸ್ಸಾಗುವುದಿಲ್ಲ. ಮನೆ, ಮಗ, ಹೆಂಡತಿಯನ್ನು ಬೂದಿಯಲ್ಲಿ ಹುಡುಕಿದವರಿಗೆ ಯಾವ ಲೆಕ್ಕವೂ ಸರಿಹೋಗುವುದಿಲ್ಲ, ಅಲ್ವಾ?

ಹಾಗಾದರೆ ಇಂಥವನಿಗೆ ಎಷ್ಟು ಶಿಕ್ಷೆ ಕೊಡಬೇಕು? ಆಸ್ಟ್ರೇಲಿಯಾ ಈ ಪ್ರಶ್ನೆಯನ್ನು ನೂರೈವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಕೇಳಿಕೊಳ್ಳುತ್ತಾ ಬಂದಿದೆ.

ಅಲ್ಲಿ ಬೆಂಕಿ ಯಾಕೆ ಅಷ್ಟು ಬೇಗ ಕೈಮೀರುತ್ತದೆ ಅನ್ನುವುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರ ಕಾಡಿನ ಮುಖ್ಯ ಮರ ನಮ್ಮ ನೀಲಗಿರಿಯೇ. ಕೋಲಾರ, ಹೊಸಕೋಟೆ ಕಡೆ ತೋಪು ತೋಪಾಗಿ ನಿಂತಿರುವ ಈ ಮರ ಬಂದಿದ್ದೇ ಆಸ್ಟ್ರೇಲಿಯಾದಿಂದ. ಎಲೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಮೂಗಿಗೆ ಅಡರುತ್ತದಲ್ಲ, ಆ ಎಣ್ಣೆಯೇ ಬೆಂಕಿಗೆ ಮೇವು. ಎಷ್ಟೋ ಜಾತಿಯ ನೀಲಗಿರಿಗಳ ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿದು ನೇತಾಡುತ್ತಿರುತ್ತದೆ. ಬೆಂಕಿ ತಗುಲಿದರೆ ಆ ಪಟ್ಟಿಗಳು ಉರಿಯುತ್ತಲೇ ಗಾಳಿಗೆ ಹಾರುತ್ತವೆ. ಕಿಲೋಮೀಟರುಗಟ್ಟಲೆ ಮುಂದೆ ಹೋಗಿ ಬಿದ್ದು ಅಲ್ಲಿ ಹೊಸ ಬೆಂಕಿ ಎಬ್ಬಿಸುತ್ತವೆ. ಕಡ್ಡಿ ಗೀರಿದವನ ಕೈಯಲ್ಲಿ ಆ ಮೇಲೆ ಏನೂ ಇರುವುದಿಲ್ಲ.

ಕಾನೂನಿಗೆ ಕಷ್ಟವಾಗುವುದು ಇಲ್ಲೇ. ಅದೇ ಕಡ್ಡಿಯನ್ನು ಅದೇ ಜಾಗದಲ್ಲಿ ಜುಲೈ ತಿಂಗಳ ತಣ್ಣನೆ ಬೆಳಗ್ಗೆ ಗೀರಿದ್ದರೆ ನಾಲ್ಕು ಪೊದೆ ಸುಟ್ಟು ಆರಿಹೋಗುತ್ತಿತ್ತು. ಮಾಡಿದ ಕೆಲಸ ಒಂದೇ. ಒಂದು ದಿನ ನಾಲ್ಕು ಪೊದೆ, ಇನ್ನೊಂದು ದಿನ ಹತ್ತು ಜೀವ. ಶಿಕ್ಷೆ ಕೊಡಬೇಕಾದ್ದು ಮಾಡಿದ್ದಕ್ಕೋ, ಆಗಿಹೋದದ್ದಕ್ಕೋ?

ಇಂಗ್ಲೆಂಡಿನಿಂದ ಬಂದವರು ತಮ್ಮ ಜೊತೆ ಇಂಗ್ಲೆಂಡಿನ ಕಾನೂನನ್ನೂ ತಂದಿದ್ದರು. ಅಲ್ಲಿ ಮನೆಗೆ ಬೆಂಕಿ ಇಟ್ಟವನಿಗೆ ಒಂದು ಕಾಲದಲ್ಲಿ ನೇಣು. ಆದರೆ ಆ ಕಾನೂನಿನ ಕಣ್ಣು ಮನೆಯ ಮೇಲಿತ್ತು, ಬಣವೆಯ ಮೇಲಿತ್ತು. ಮುಗಿಲವರೆಗೆ ಹಬ್ಬಿದ ಕಾಡು ಉರಿಯುವುದು ಆ ಮಳೆನಾಡಿನವರಿಗೆ ಕಲ್ಪನೆಗೂ ಬಂದಿರಲಿಲ್ಲ. 1851ರ ಫೆಬ್ರವರಿ 6ರ ಗುರುವಾರ ವಿಕ್ಟೋರಿಯಾದ ಸುಮಾರು ಕಾಲು ಭಾಗ ಸುಟ್ಟುಹೋಯಿತು. ಮೂರು ವರ್ಷ ಬಿಟ್ಟು, 1854ರಲ್ಲಿ, ಬೆಂಕಿಯನ್ನು ಅಜಾಗರೂಕತೆಯಿಂದ ಬಳಸುವುದನ್ನು ತಡೆಯಲು ಒಂದು ಕಾನೂನು ಬಂತು. ದೊಡ್ಡ ಬೆಂಕಿ, ಹಿಂದೆಯೇ ಹೊಸ ಕಾನೂನು. ಈ ಜೋಡಿ ಅಲ್ಲಿಂದ ಇಲ್ಲಿವರೆಗೂ ಬಿಟ್ಟಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆ ನೆಲದ ಮೂಲನಿವಾಸಿಗಳು ಹತ್ತಾರು ಸಾವಿರ ವರ್ಷಗಳಿಂದ ಕಾಡಿಗೆ ಬೆಂಕಿ ಹಾಕುತ್ತಲೇ ಬಂದಿದ್ದರು. ತಂಪು ಹೊತ್ತು ನೋಡಿ, ಗಾಳಿ ನೋಡಿ, ಸ್ವಲ್ಪ ಸ್ವಲ್ಪ ಜಾಗಕ್ಕೆ ಹಾಕುವ ಸಣ್ಣ ಬೆಂಕಿ. ತರಗು ಸುಟ್ಟುಹೋಗಿ ದೊಡ್ಡ ಬೆಂಕಿಗೆ ಮೇವೇ ಉಳಿಯುತ್ತಿರಲಿಲ್ಲ. ಬೆಂಕಿ ಹಾಕುವವರೆಲ್ಲ ಅಪರಾಧಿಗಳು ಅಂತ ಅಲ್ಲಿ ಯಾವತ್ತೂ ಇರಲಿಲ್ಲ.

1939ರ ಜನವರಿ 13ರ ಶುಕ್ರವಾರ ಮತ್ತೆ ವಿಕ್ಟೋರಿಯಾ ಉರಿಯಿತು. ಆ ಬೇಸಿಗೆಯ ಬೆಂಕಿಗೆ 71 ಜನ ಸತ್ತರು. ವಿಚಾರಣೆಗೆ ಕೂತವರು ನ್ಯಾಯಾಧೀಶ ಲಿಯೊನಾರ್ಡ್ ಸ್ಟ್ರೆಟನ್. ಈ ಬೆಂಕಿಗಳನ್ನು ಹಚ್ಚಿದ್ದು ಮನುಷ್ಯನ ಕೈ ಎಂದು ಅವರು ನೇರವಾಗಿ ಬರೆದರು. ಅವರು ಹಾಗೆ ಬರೆದಾಗ ಬೆರಳು ತೋರಿಸಿದ್ದು ಯಾವನೋ ಒಬ್ಬ ಕಿಡಿಗೇಡಿಯ ಕಡೆಗಲ್ಲ. ಹುಲ್ಲು ಚಿಗುರಲಿ ಅಂತ ಬೆಂಕಿ ಇಡುವ ದನ-ಕುರಿಯವರು, ಹೊಲ ಹಸನು ಮಾಡುವ ರೈತರು, ಗಣಿ ಹುಡುಕುವವರು, ಮರದ ಮಿಲ್ಲಿನವರು, ಟೆಂಟು ಹಾಕಿ ಅಡುಗೆ ಮಾಡಿ ಒಲೆ ಆರಿಸದೆ ಎದ್ದುಹೋದವರು. ಕಾನೂನು ಇತ್ತು, ಯಾರೂ ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಇದನ್ನು ಓದುವಾಗ ನನಗೆ 2019ರ ಫೆಬ್ರವರಿಯ ಬಂಡೀಪುರ ನೆನಪಾಗದೆ ಇರುವುದಿಲ್ಲ. ಅಲ್ಲಿ ಸಾವಿರಾರು ಎಕರೆ ಕರಕಲಾದಾಗಲೂ ಬೇಕಂತಲೇ ಹಚ್ಚಿದ್ದು ಎಂಬ ಮಾತು ಮೊದಲ ದಿನದಿಂದಲೇ ಕೇಳಿಬಂದಿತ್ತು.

1983ರ ಫೆಬ್ರವರಿಯ ಬೆಂಕಿಗೆ ಎರಡು ರಾಜ್ಯಗಳಲ್ಲಿ 75 ಜನ ಬಲಿಯಾದರು. ಆದರೆ ಕಾಡಿಗೆ ಬೆಂಕಿ ಹಚ್ಚುವುದನ್ನೇ ಒಂದು ಬೇರೆ ಅಪರಾಧವಾಗಿ ಕಾನೂನಿಗೆ ಸೇರಿಸುವ ಕೆಲಸ ಆಗಲೂ ಆಗಲಿಲ್ಲ. ಅದಕ್ಕೆ 2001ರ ಕ್ರಿಸ್‌ಮಸ್ ಬರಬೇಕಾಯಿತು. ನ್ಯೂ ಸೌತ್ ವೇಲ್ಸ್‌ನಲ್ಲಿ ಆ ಹಬ್ಬದ ಹೊತ್ತಿಗೆ ನೂರಕ್ಕೂ ಹೆಚ್ಚು ಮನೆ ಸುಟ್ಟವು. ಯಾರೂ ಸಾಯಲಿಲ್ಲ, ಅದೊಂದೇ ಪುಣ್ಯ. ಸಿಕ್ಕಿಬಿದ್ದವರಲ್ಲಿ ಮೀಸೆ ಮೂಡದ ಹುಡುಗರೂ ಇದ್ದರು. ಊರಿಗೆ ಊರೇ ಕೆರಳಿತು.

2002ರಲ್ಲಿ ಆ ರಾಜ್ಯ ಹೊಸ ಕಲಂ ತಂದಿತು. ಇದರ ಮಾತು ಸ್ವಲ್ಪ ಬಿಡಿಸಿ ನೋಡುವಂಥದ್ದು. ಅಲ್ಲಿಯವರೆಗೆ ಇಂಥವರ ಮೇಲೆ ದೊಡ್ಡ ಕೇಸು ಹಾಕಬೇಕೆಂದರೆ ಯಾರದೋ ಆಸ್ತಿ ಹಾಳಾಗಿದೆ ಎಂದು ತೋರಿಸಬೇಕಿತ್ತು. ಹೊಸ ಕಲಮಿಗೆ ಅಷ್ಟು ಬೇಕಾಗಿಲ್ಲ. ಬೇಕಂತಲೇ ಬೆಂಕಿ ಹಚ್ಚಿದ. ಅದು ಸರ್ಕಾರದ ಅಥವಾ ಇನ್ನೊಬ್ಬರ ನೆಲದ ಗಿಡಮರಕ್ಕೆ ಹಬ್ಬಬಹುದು ಎಂದು ಗೊತ್ತಿದ್ದೂ ಲೆಕ್ಕಿಸಲಿಲ್ಲ. ಇಷ್ಟಿದ್ದರೆ ಸಾಕು, ಅಪರಾಧ ಪೂರ್ತಿಯಾಯಿತು. ಮನೆ ಸುಡಬೇಕಿಲ್ಲ, ಜನ ಸಾಯಬೇಕಿಲ್ಲ. ಗಾಳಿ ಎತ್ತ ಬೀಸಿತು ಅನ್ನುವುದರ ಮೇಲೆ ಅಪರಾಧ ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಬುದ್ಧಿ ಉಪಯೋಗಿಸಿ ಮಾಡಿದ ತಿದ್ದುಪಡಿ ಇದು. ಗರಿಷ್ಠ ಶಿಕ್ಷೆ 14 ವರ್ಷ ಎಂದು ಇಟ್ಟರು. ಮರುವರ್ಷ ವಿಕ್ಟೋರಿಯಾ ಕೂಡ ಇಂಥದ್ದೇ ಕಲಂ ಮಾಡಿತು, ಅಲ್ಲಿ 15 ವರ್ಷ.

ಮತ್ತೆ 2009ರ ಆ ಶನಿವಾರಕ್ಕೆ ಬರೋಣ. ಒಟ್ಟು 173 ಜನ ಸತ್ತರು. ಎರಡು ಸಾವಿರಕ್ಕೂ ಹೆಚ್ಚು ಮನೆಗಳು ಹೋದವು. ಇದು ಸಾಮೂಹಿಕ ಕೊಲೆ ಎಂದು ಪ್ರಧಾನಿ ಕೆವಿನ್ ರಡ್ ಹೇಳಿದರು. ದೇಶದ ಮನಸ್ಸಿನಲ್ಲಿದ್ದ ಮಾತೂ ಅದೇ. ಚರ್ಚಿಲ್‌ನ ಆರೋಪಿಯನ್ನು ಹಿಡಿದಾಗ ಜನರ ಸಿಟ್ಟು ಎಷ್ಟಿತ್ತೆಂದರೆ, ಅವನ ಮನೆ ವಿಳಾಸ ಮತ್ತು ಫೋಟೋ ಹೊರಗೆ ಹಾಕಬಾರದೆಂದು ಕೋರ್ಟು ಆಜ್ಞೆ ಮಾಡಬೇಕಾಯಿತು.

ಕೊಲೆ ಎಂದೇ ಕೇಸು ಹಾಕಬಹುದಿತ್ತಲ್ಲ, ಯಾಕೆ ಹಾಕಲಿಲ್ಲ? ಕೊಲೆ ಎನ್ನಬೇಕಾದರೆ ಸಾಯಿಸುವ ಅಥವಾ ತೀವ್ರ ಗಾಯ ಮಾಡುವ ಉದ್ದೇಶ ಇತ್ತೆಂದು, ಇಲ್ಲವೇ ಸಾವು ಅಥವಾ ತೀವ್ರ ಗಾಯ ಆಗುವ ಸಂಭವವೇ ಹೆಚ್ಚು ಎಂದು ತಿಳಿದೇ ಮಾಡಿದನೆಂದು ತೋರಿಸಬೇಕು. ಬೆಂಕಿ ಹಚ್ಚಿದವನಿಗೆ ಗುಡ್ಡದಾಚೆಯ ಮನೆಯವರ ಮುಖವೂ ಗೊತ್ತಿರುವುದಿಲ್ಲ. ಅದಕ್ಕೇ ವಿಕ್ಟೋರಿಯಾದಲ್ಲಿ ಬೆಂಕಿ ಹಚ್ಚಿ ಸಾವಿಗೆ ಕಾರಣನಾಗುವುದು ಅಂತ ಬೇರೆ ಅಪರಾಧವೇ ಇದೆ. ಗರಿಷ್ಠ 25 ವರ್ಷ. ಚರ್ಚಿಲ್ ಕೇಸಿನಲ್ಲಿ ಹಾಕಿದ್ದು ಅದನ್ನೇ. ಆರೋಪಿಗೆ ಬೌದ್ಧಿಕ ನ್ಯೂನತೆ ಮತ್ತು ಆಟಿಸಂ ಇದೆ ಅನ್ನುವುದೂ ಕೋರ್ಟಿನ ಮುಂದೆ ಬಂತು. 25ರಿಂದ 17 ವರ್ಷ 9 ತಿಂಗಳಿಗೆ ಇಳಿಯುವಾಗ ನ್ಯಾಯಾಧೀಶರು ಅದನ್ನೂ ತೂಗಿ ನೋಡಿದ್ದರು.

ಇದರ ಜೊತೆಗೆ ಇನ್ನೊಂದು ವಿಷಯ ಇಟ್ಟು ನೋಡಬೇಕು. ಆ ಶನಿವಾರ ಎಲ್ಲಕ್ಕಿಂತ ಜಾಸ್ತಿ ಜನರನ್ನು ತಿಂದ ಬೆಂಕಿ ಚರ್ಚಿಲ್‌ನದಲ್ಲ, ಕಿಲ್ಮೋರ್ ಈಸ್ಟ್‌ನದು. 119 ಸಾವು. ಅದನ್ನು ಹಚ್ಚಿದ್ದು ಯಾವ ಮನುಷ್ಯನೂ ಅಲ್ಲ, ಹರಿದುಬಿದ್ದ ಕರೆಂಟಿನ ತಂತಿ. ಮೇರೀಸ್‌ವಿಲ್ ಊರನ್ನು ಸುಟ್ಟು 40 ಜನರನ್ನು ಕೊಂದ ಬೆಂಕಿಯನ್ನು ಯಾರೋ ಹಚ್ಚಿದ್ದು ಎಂದೇ ಪೊಲೀಸರು ಮೊದಲು ಹುಡುಕಾಡಿದರು. ಕೊನೆಗೆ ಅದೂ ಕರೆಂಟಿನ ತಂತಿಯಿಂದಲೇ ಎಂದಾಯಿತು. ಇವೆರಡರಲ್ಲೂ ಯಾರೂ ಜೈಲಿಗೆ ಹೋಗಲಿಲ್ಲ. ಪರಿಹಾರದ ಒಪ್ಪಂದ ಆಯಿತು, ಒಂದಕ್ಕೆ ಸುಮಾರು 50 ಕೋಟಿ ಆಸ್ಟ್ರೇಲಿಯನ್ ಡಾಲರ್, ಇನ್ನೊಂದಕ್ಕೆ 30 ಕೋಟಿ. ಕಡ್ಡಿ ಗೀರಿದವನ ಮೇಲೆ ಸಿಟ್ಟು ಬರುವುದು ಸುಲಭ, ಅವನಿಗೊಂದು ಮುಖ ಇರುತ್ತದೆ. ಹಳೇ ತಂತಿಗೆ ಮುಖ ಇರುವುದಿಲ್ಲ.

2009ರ ನಂತರ ಶಿಕ್ಷೆಯ ವರ್ಷಗಳು ಏರುತ್ತಲೇ ಹೋದವು. ಪಶ್ಚಿಮ ಆಸ್ಟ್ರೇಲಿಯಾ ಅದೇ ವರ್ಷ ಬೆಂಕಿ ಹಚ್ಚಿ ಆಸ್ತಿ ಹಾಳು ಮಾಡುವುದಕ್ಕೆ ಜೀವಾವಧಿವರೆಗೂ ಶಿಕ್ಷೆ ಎಂದಿತು. ನ್ಯೂ ಸೌತ್ ವೇಲ್ಸ್ 2018ರಲ್ಲಿ ತನ್ನ 14 ವರ್ಷವನ್ನು 21ಕ್ಕೆ ಏರಿಸಿತು. ಮರುವರ್ಷವೇ, 2019-20ರ ಬೇಸಿಗೆಯಲ್ಲಿ, ಆ ರಾಜ್ಯ ಹಿಂದೆಂದೂ ಕಾಣದಷ್ಟು ಉರಿಯಿತು. 21 ವರ್ಷ ಎಂದಿದ್ದಕ್ಕೆ ಬೆಂಕಿ ಹೆದರಲಿಲ್ಲ. ಹೇಗೆ ಹೆದರೀತು? ಐದು ಲಕ್ಷ ಹೆಕ್ಟೇರ್ ದಾಟಿ ಹಬ್ಬಿದ ಗಾಸ್ಪರ್ಸ್ ಮೌಂಟನ್ ಬೆಂಕಿ ಶುರುವಾಗಿದ್ದು ಸಿಡಿಲಿನಿಂದ.

ಆದರೂ ಆ ಜನವರಿಯಲ್ಲಿ ಸುಮಾರು ಇನ್ನೂರು ಜನ ಬೆಂಕಿ ಹಚ್ಚಿ ಸಿಕ್ಕಿಬಿದ್ದಿದ್ದಾರೆ ಎಂಬ ಸುದ್ದಿ ಜಗತ್ತಿನಾದ್ಯಂತ ಓಡಾಡಿತು. ಪೊಲೀಸರು ಹೇಳಿದ್ದೇ ಬೇರೆ. 180ಕ್ಕೂ ಹೆಚ್ಚು ಜನರ ಮೇಲೆ ಒಂದಲ್ಲ ಒಂದು ಕ್ರಮ ಆಗಿತ್ತು, ನಿಜ. ಅದರಲ್ಲಿ ಬೇಕಂತಲೇ ಕಾಡಿಗೆ ಬೆಂಕಿ ಹಚ್ಚಿದ ಆರೋಪ ಇದ್ದದ್ದು 24 ಜನರ ಮೇಲೆ. ಉಳಿದವರಲ್ಲಿ ಬೆಂಕಿ ನಿಷೇಧದ ದಿನ ಒಲೆ ಹೊತ್ತಿಸಿದವರಿದ್ದರು, ಉರಿಯುವ ಸಿಗರೇಟು ಎಸೆದವರಿದ್ದರು.

24 ಅನ್ನುವುದೂ ಸಣ್ಣ ಸಂಖ್ಯೆ ಅಲ್ಲ. ಕಾರಣ ಗೊತ್ತಾದ ಕಾಡಿನ ಬೆಂಕಿಗಳಲ್ಲಿ ಸುಮಾರು ಅರ್ಧದಷ್ಟು ಬೇಕಂತಲೇ ಹಚ್ಚಿದ್ದು ಅಥವಾ ಹಾಗೆ ಅನುಮಾನ ಬರುವಂಥದ್ದು ಎಂದು ಆಸ್ಟ್ರೇಲಿಯಾದ ಅಪರಾಧಶಾಸ್ತ್ರ ಸಂಸ್ಥೆ 2008ರಲ್ಲಿ ಲೆಕ್ಕ ಕೊಟ್ಟಿತ್ತು. ಇವುಗಳಲ್ಲಿ ಹೆಚ್ಚಿನವು ಊರಂಚಿನ ಸಣ್ಣ ಬೆಂಕಿಗಳು. ಹಚ್ಚಿದವರಲ್ಲಿ ಸಿಕ್ಕಿಬೀಳುವವರು ತೀರಾ ಕಡಿಮೆ. ಬೆಂಕಿ ತನ್ನ ಸಾಕ್ಷಿಯನ್ನು ತಾನೇ ಸುಟ್ಟುಬಿಡುತ್ತದೆ. ನೋಡಿದವರು ಇರುವುದಿಲ್ಲ, ಬೆರಳಚ್ಚು ಉಳಿಯುವುದಿಲ್ಲ. ಸಿಕ್ಕವರನ್ನು ನೋಡಿದರೆ ಒಂದೇ ಬಗೆಯವರಲ್ಲ. ಬೇಜಾರಿಗೆ, ಮಜಾಕ್ಕೆ ಹಚ್ಚುವ ಹುಡುಗರು. ಯಾರ ಮೇಲೋ ಇರುವ ಸಿಟ್ಟನ್ನು ಹೀಗೆ ತೀರಿಸಿಕೊಳ್ಳುವವರು. ಒಂಟಿಯಾಗಿ ಉಳಿದವರು, ಬುದ್ಧಿ ಅಷ್ಟಾಗಿ ಬೆಳೆಯದವರು. ತಾನೇ ಹಚ್ಚಿ, ಸೈರನ್ ಕೂಗಿದಾಗ ತಾನೇ ಆರಿಸಲು ಓಡಿಬರುವ ಸ್ವಯಂಸೇವಕರೂ ಇದ್ದಾರೆ. 2019ರ ನವೆಂಬರಿನಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಇಂಥ ಆರೋಪದ ಮೇಲೆ ಸಿಕ್ಕವನಿಗೆ 19 ವಯಸ್ಸು.

ಇವರಲ್ಲಿ ಯಾರು ಕಡ್ಡಿ ಗೀರುವ ಮೊದಲು 14 ವರ್ಷವೋ 21 ವರ್ಷವೋ ಎಂದು ಯೋಚಿಸುತ್ತಾರೆ? ಜೀವ ತೆಗೆದವನಿಗೆ ಕಠಿಣ ಶಿಕ್ಷೆ ಆಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಸತ್ತವರ ಮನೆಯವರಿಗೆ ಅಷ್ಟಾದರೂ ಸಲ್ಲಬೇಕು. ಆದರೆ ಅದರಿಂದ ಮುಂದಿನ ಬೆಂಕಿ ತಪ್ಪುತ್ತದೆ ಎಂದು ನಂಬಿಸಬೇಡಿ. ಸಿಕ್ಕೇ ಬೀಳದವನಿಗೆ ಎಷ್ಟು ವರ್ಷ ಬರೆದಿಟ್ಟರೆ ಏನು?

ಹೆದರಿಸುವುದನ್ನೇ ನಂಬಿದ ದೇಶಗಳೂ ಇವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2006ರಲ್ಲಿ ಒಬ್ಬ ಹಚ್ಚಿದ ಬೆಂಕಿಗೆ ಐವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅಲ್ಲಿ ಅದನ್ನು ಕೊಲೆ ಎಂದೇ ನಡೆಸಿ 2009ರಲ್ಲಿ ಮರಣದಂಡನೆ ವಿಧಿಸಿದರು. ಸಿರಿಯಾದ ಸರ್ಕಾರ 2021ರಲ್ಲಿ ಕಾಡಿಗೆ ಬೆಂಕಿ ಹಚ್ಚಿದರೆಂದು 24 ಜನರ ಜೀವವನ್ನೇ ತೆಗೆಯಿತು. ಅದೇ ವರ್ಷ ಅಲ್ಜೀರಿಯಾದಲ್ಲಿ ಬೆಂಕಿ ಆರಿಸಲು ನೆರವಾಗಲೆಂದು ದೂರದಿಂದ ಬಂದಿದ್ದ ಒಬ್ಬ ಕಲಾವಿದನನ್ನು, ಹಚ್ಚಿದವನು ಇವನೇ ಎಂದು ಜನ ಪೊಲೀಸ್ ವ್ಯಾನಿನಿಂದ ಎಳೆದು ಕೊಂದರು. ಅವನು ಏನೂ ಮಾಡಿರಲಿಲ್ಲ.

ಇಟಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಕಾಡು ಸುಟ್ಟರೆ ಲಾಭ ಇತ್ತು: ಕಟ್ಟಡಕ್ಕೆ ಜಾಗ ಸಿಗುತ್ತಿತ್ತು, ಮೇವಿಗೆ ಹುಲ್ಲು ಸಿಗುತ್ತಿತ್ತು. 2000ದ ಕಾನೂನು ಆ ಲಾಭಕ್ಕೇ ಕತ್ತರಿ ಹಾಕಿತು. ಸುಟ್ಟ ಕಾಡಿನಲ್ಲಿ 15 ವರ್ಷ ಭೂಬಳಕೆ ಬದಲಿಸುವಂತಿಲ್ಲ. 10 ವರ್ಷ ಕಟ್ಟಡ ಇಲ್ಲ, ಮೇಯಿಸುವುದಿಲ್ಲ, ಬೇಟೆ ಇಲ್ಲ. ಜೈಲೂ ಇದೆ. ಆದರೆ ಮೊದಲು ಕೇಳಿದ ಪ್ರಶ್ನೆ, ಇವರು ಯಾಕೆ ಹಚ್ಚುತ್ತಾರೆ ಅನ್ನುವುದು.

ಆಸ್ಟ್ರೇಲಿಯಾದಲ್ಲೂ ಆ ಪ್ರಶ್ನೆ ಕೇಳುವವರು ಇದ್ದಾರೆ. ಸುದ್ದಿಯಲ್ಲಿ ಅವರ ಮಾತು ಕಡಿಮೆ ಬರುತ್ತದೆ, ಅಷ್ಟೇ. ಮೆಲ್ಬರ್ನ್‌ನಲ್ಲಿ ಬೆಂಕಿಪೊಟ್ಟಣದ ಆಟಕ್ಕೆ ಬಿದ್ದ ಮಕ್ಕಳ ಮನೆಗೆ ಅಗ್ನಿಶಾಮಕ ದಳದವರೇ ಹೋಗಿ, ಅಪ್ಪ-ಅಮ್ಮನ ಜೊತೆ ಕೂತು, ಮಗುವಿನ ಹತ್ತಿರ ಮಾತಾಡುವ ವ್ಯವಸ್ಥೆ ಇದೆ. ದಕ್ಷಿಣ ಆಸ್ಟ್ರೇಲಿಯಾದ ಪೊಲೀಸರು ನಡೆಸುವ ಕಾರ್ಯಾಚರಣೆಯ ಹೆಸರು ಆಪರೇಷನ್ ನೋಮ್ಯಾಡ್. ಹಿಂದೆ ಬೆಂಕಿ ಹಚ್ಚಿದವರು, ಹಚ್ಚಬಹುದು ಎಂದು ಅನುಮಾನ ಇರುವವರು ಯಾರ್ಯಾರು ಎಂಬ ಪಟ್ಟಿ ಅವರ ಹತ್ತಿರ ಇರುತ್ತದೆ. ನಾಳೆ ಬಿಸಿಲು ಏರುತ್ತದೆ, ಗಾಳಿ ಜೋರಾಗುತ್ತದೆ ಎಂದು ಹವಾಮಾನ ಇಲಾಖೆ ಹೇಳಿದರೆ ಸಾಕು, ಇವರ ಕೆಲಸ ಶುರುವಾಗುತ್ತದೆ. ಕಾಡಂಚಿನ ರಸ್ತೆಗಳಲ್ಲಿ ಗಸ್ತು ತಿರುಗುತ್ತಾರೆ. ಪಟ್ಟಿಯಲ್ಲಿರುವವನ ಮನೆಗೆ ಹೋಗಿ ಬಾಗಿಲು ತಟ್ಟಿ, ಮನೆಯಲ್ಲೇ ಇದ್ದಾನಾ ಎಂದು ನೋಡಿಕೊಂಡು ಬರುತ್ತಾರೆ.